ಒಂದೇ ಕೋಣೆಯ ನಿಯಮ

ಗಂಡನಾಗಿದ್ದವನು ತಂತ್ರಾಂಶಕ್ಕೆ ಬರೆದು ಕಳಿಸಿದ ಬದಲಾವಣೆ ಫೋನಿನಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಬಸ್ ನಿಲ್ದಾಣದಲ್ಲಿ. ಆಫೀಸಿನ ಕಡೆಗೆ ಹೋಗುವ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿದೆ ಎಂದು ತಲೆಯ ಮೇಲಿನ ಫಲಕ ಹೇಳುತ್ತಿತ್ತು. ಫಲಕದ ಮಾತನ್ನು ನಂಬಬಹುದು ಎಂದು ಅಲ್ಲಿ ನಿಂತವರ ಪೈಕಿ ಅವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಅದರೊಳಗೆ ಓಡುತ್ತಿದ್ದ ತಂತ್ರಾಂಶ ಅವಳದೇ. ಅವಳದೇ ಎಂದರೆ ಅವಳೊಬ್ಬಳದಲ್ಲ ಬಿಡಿ. ಅವಳದು, ಅವನದು, ಮತ್ತೆ ಎಲ್ಲೆಲ್ಲಿಯದೋ ಊರುಗಳಲ್ಲಿ ಕೂತು ಪುಕ್ಕಟೆಯಾಗಿ ತಿದ್ದಿ ಕಳಿಸುವ ಇನ್ನಷ್ಟು ಜನರದು.

ಓಪನ್ ಸೋರ್ಸ್ ಎಂದರೆ ಅದೇ ತಾನೇ. ಕೋಡ್ ಎಲ್ಲರ ಕಣ್ಣಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಮೂಗು ತೂರಿಸಬಹುದು, ತಪ್ಪು ಹಿಡಿಯಬಹುದು, ಸರಿಮಾಡಿ ಕಳಿಸಬಹುದು. ಕಳಿಸಿದ್ದನ್ನೆಲ್ಲ ಕಣ್ಣುಮುಚ್ಚಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅಷ್ಟೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿಗೆಯ ಗುಂಡಿ ಒತ್ತಬೇಕು. ತಾನು ಬರೆದದ್ದಕ್ಕೆ ತಾನೇ ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಎಂದು ಎಲ್ಲರೂ ಓದುವ ಪುಟದಲ್ಲಿ ಕಾರಣ ಬರೆಯಬೇಕು. ಸುಮ್ಮನೆ ಬೇಡ ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಅವನು ಕಳಿಸಿದ್ದು ಬಸ್ಸಿನ ವೇಳೆಗೆ ಸಂಬಂಧಪಟ್ಟದ್ದಲ್ಲ, ನಿಯಮಕ್ಕೆ ಸಂಬಂಧಪಟ್ಟದ್ದು. ಹೊಸ ಆವೃತ್ತಿ ಬಿಡುಗಡೆ ಮಾಡುವಾಗ ಕೀಲಿ ಇರುವ ಇಬ್ಬರು ಒಂದೇ ಕೋಣೆಯಲ್ಲಿ ಕೂತು ಸಹಿ ಹಾಕಬೇಕು ಎಂಬುದು ಇಷ್ಟು ವರ್ಷ ನಡೆದುಬಂದ ನಿಯಮ. ಕೀಲಿ ಎಂದರೆ ಕಂಪ್ಯೂಟರಿನಲ್ಲಿ ಹಾಕುವ ಸಹಿಯ ಗುಟ್ಟಿನ ಸಂಖ್ಯೆ. ಅದು ಇದ್ದದ್ದು ಅವನ ಹತ್ತಿರ ಮತ್ತು ಅವಳ ಹತ್ತಿರ ಮಾತ್ರ. ಈಗ ಅವನು ಬರೆದಿದ್ದ: ಮೂರನೆಯದೊಂದು ಕೀಲಿ ಮಾಡಿ ನಮ್ಮೆಲ್ಲರ ಬರವಣಿಗೆ ತಿದ್ದುವ ಮೇಷ್ಟ್ರಿಗೆ ಕೊಡೋಣ, ಮೂವರಲ್ಲಿ ಯಾರಾದರೂ ಇಬ್ಬರು ಸಹಿ ಹಾಕಿದರೆ ಸಾಕು, ಅವರವರ ಜಾಗದಲ್ಲೇ ಕೂತು ಹಾಕಬಹುದು, ಭೇಟಿ ಬೇಕಾಗಿಲ್ಲ.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಬಸ್ಸು ಹೇಳಿದ ಹೊತ್ತಿಗೆ ಬಂತು, ಅವಳು ಹತ್ತಿದಳು, ಕಿಟಕಿ ಪಕ್ಕ ಜಾಗ ಸಿಕ್ಕಿತು, ಕೂತಳು. ಅವನಿಂದ ಬೇರೆಯಾದ ಎರಡು ವರ್ಷದಿಂದ ಹೀಗೇ. ಊಟ ಮಾಡಿದರೆ ಹೊಟ್ಟೆ ತುಂಬುತ್ತಿತ್ತು, ರುಚಿ ಮಾತ್ರ ನಾಲಿಗೆಗೆ ತಾಗುತ್ತಿರಲಿಲ್ಲ. ಯಾರಾದರೂ ನಗಿಸಿದರೆ ನಗುತ್ತಿದ್ದಳು. ಅವರು ಆಚೆ ಹೋದ ಮೇಲೆ ಮುಖವನ್ನು ಮತ್ತೆ ಮೊದಲಿನ ಹಾಗೆ ಮಾಡಿಕೊಳ್ಳುತ್ತಿದ್ದಳು. ಮನಸ್ಸು ಮರಗಟ್ಟಿದೆ ಎಂದು ಅವಳಿಗೇ ಗೊತ್ತಿತ್ತು, ಗೊತ್ತಿದ್ದರಿಂದ ಏನೂ ಆಗುತ್ತಿರಲಿಲ್ಲ.

ಆ ನಿಯಮ ಹುಟ್ಟಿದ ಕಥೆ ಹೇಳಬೇಕು. ಮದುವೆಯ ಹೊಸತು. ಆಗ ಇಬ್ಬರೂ ಸೇರಿ ಈ ತಂತ್ರಾಂಶ ಶುರು ಮಾಡಿ ಹೆಚ್ಚು ದಿನ ಆಗಿರಲಿಲ್ಲ. ಬಸ್ಸಿನ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುವುದರಿಂದ ಬಿಡುಗಡೆಯೂ ವರ್ಷಕ್ಕೆ ಎರಡು. ಒಂದು ಸಲ ಅವಳು ಊರಲ್ಲಿಲ್ಲದಾಗ ಅವನು ತಾನೊಬ್ಬನೇ ಅವಸರ ಅವಸರವಾಗಿ ಬಿಡುಗಡೆ ಮಾಡಿಬಿಟ್ಟ. ಅವಸರದಲ್ಲಿ ಅವನದು ಎತ್ತಿದ ಕೈ. ಮಾರನೆಯ ಬೆಳಿಗ್ಗೆ ಎಲ್ಲೋ ಒಂದು ಊರಿನ ಫಲಕಗಳೆಲ್ಲ ಇಲ್ಲದ ಬಸ್ಸುಗಳನ್ನು ತೋರಿಸತೊಡಗಿದವು. ಜನ ಚಳಿಯಲ್ಲಿ ನಿಂತು, ಬರುತ್ತದೆ ಬರುತ್ತದೆ ಎಂದು ಕಾದರು. ಅವರಲ್ಲೊಬ್ಬಾಕೆ ಪರೀಕ್ಷೆ ತಪ್ಪಿಸಿಕೊಂಡೆ ಎಂದು ಪುಟದಲ್ಲಿ ಬರೆದಳು. ಅವನು ಆವತ್ತು ಊಟ ಮಾಡಲಿಲ್ಲ. ಅವಳೇ ಕಿವಿ ಹಿಂಡಿ ಕೂರಿಸಿದಳು, ಇಬ್ಬರೂ ಸೇರಿ ನಿಯಮ ಬರೆದರು: ಇಬ್ಬರು, ಒಂದೇ ಕೋಣೆ, ಒಂದೇ ಪಟ್ಟಿ. ಒಳಗೆ ಬಂದ ಬದಲಾವಣೆಗಳನ್ನೆಲ್ಲ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಿಸಿಕೊಂಡು ಒಂದೊಂದಕ್ಕೂ ಹೂಂ ಅನ್ನಬೇಕು. ಹೂಂ ಅನ್ನದೆ ಮುಂದಕ್ಕೆ ಹೋಗುವ ಹಾಗಿಲ್ಲ.

ದೂರದ ಊರಿನವರು ಇದನ್ನು ಕೇಳಿ ನಗುತ್ತಿದ್ದರು. ನಗಲಿ. ಆಮೇಲೆ ಒಂದು ಊರಿನ ಫಲಕವೂ ಸುಳ್ಳು ಹೇಳಲಿಲ್ಲ.

ಪುಟದಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ‘ನೀವು’ ಎಂದೇ ಬರೆದುಕೊಳ್ಳುತ್ತಿದ್ದರು. ಹತ್ತು ಜನ ಓದುವ ಜಾಗ, ಗಂಡ ಹೆಂಡತಿ ಸಲಿಗೆ ಅಲ್ಲಿ ಬೇಡ ಎಂದು. ಅವನಿಗೆ ಬದಲಾವಣೆಯ ಜೊತೆಗೆ ವಿವರಣೆ ಬರೆಯುವುದೆಂದರೆ ಆಗದು. ‘ಸರಿ ಮಾಡಿದೆ’ ಎಂದಷ್ಟೇ ಬರೆದು ಕಳಿಸುತ್ತಿದ್ದ. ಅವಳು ‘ಏನನ್ನು ಸರಿ ಮಾಡಿದಿರಿ?’ ಎಂದು ಕೇಳುತ್ತಿದ್ದಳು. ‘ಕೆಟ್ಟಿದ್ದನ್ನು’ ಎಂದು ಉತ್ತರ ಬರುತ್ತಿತ್ತು. ಆಮೇಲೆ ಅಡುಗೆಮನೆಯಲ್ಲಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅವನು ಬರೆದದ್ದರಲ್ಲಿ ಒಂದಾದರೂ ತಪ್ಪು ಇದ್ದೇ ಇರುತ್ತಿತ್ತು, ಅವಳು ಅದನ್ನು ಹಿಡಿದೇ ಹಿಡಿಯುತ್ತಿದ್ದಳು. ಹಾಗೆ ನಡೆಯುತ್ತಿತ್ತು ಸಂಸಾರ.

ಯಾವಾಗ ನಗು ನಿಂತಿತು ಎಂದು ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ. ಜಗಳ ಆಗಿದ್ದರೆ ಹೇಳಬಹುದಿತ್ತು. ಜಗಳವೇ ಆಗಲಿಲ್ಲ. ಅವನಿಗೆ ಪಾಲಿಟೆಕ್ನಿಕ್‌ನಲ್ಲಿ ಪಾಠ, ಅವಳಿಗೆ ವಿಮಾ ಕಂಪನಿಯಲ್ಲಿ ಕೆಲಸ, ಮನೆಗೆ ಬಂದರೆ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರು. ಹೇಳಬೇಕಾದ್ದನ್ನೆಲ್ಲ ಪುಟದಲ್ಲೇ ಬರೆದುಕೊಂಡರು. ಪುಟದಲ್ಲಿ ಬರೆಯಲಾಗದ್ದು ಹಾಗೇ ಉಳಿಯಿತು. ನೋಡಲು ಬಂದಿದ್ದ ಅವಳ ಅಮ್ಮ ಒಂದು ದಿನ ಅಂದೇಬಿಟ್ಟಳು: “ಒಂದೇ ಮನೇಲಿ ಇದ್ಕೊಂಡು ಕಾಗದ ಬರ್ಕೊಳ್ಳೋ ಗಂಡ ಹೆಂಡ್ತೀನ ನಾನು ಈ ಜನ್ಮದಲ್ಲಿ ಕಂಡಿರ್ಲಿಲ್ಲ ಕಣೇ.”

ಕೊನೆಗೊಂದು ಬೆಳಿಗ್ಗೆ ಅವನು, ಹೀಗೇ ಇರೋದಾದ್ರೆ ಬೇರೆ ಬೇರೆ ಇರೋಣ ಅಲ್ವಾ ಎಂದ. ಅವಳು ಹೂಂ ಅಂದಳು. ಬದಲಾವಣೆಗಳ ಪಟ್ಟಿಗೆ ಅಂದ ಹಾಗೆಯೇ ಅಂದಳು. ವಿಚ್ಛೇದನದ ಕಾಗದಕ್ಕೂ ಒಂದೇ ಕೋಣೆಯಲ್ಲಿ ಕೂರಬೇಕಾಗಿ ಬರಲಿಲ್ಲ. ವಕೀಲರ ಗುಮಾಸ್ತ ಒಬ್ಬೊಬ್ಬರ ಹತ್ತಿರ ಹೋಗಿ ರುಜು ಹಾಕಿಸಿಕೊಂಡ. ಅವಳು ಬೇರೆ ಊರಿನಲ್ಲಿದ್ದ ಅಮ್ಮನ ಮನೆಗೆ ಬಂದಳು. ಹೀಗಾಗಿ ವರ್ಷಕ್ಕೆ ಎರಡು ಸಲ, ಬಿಡುಗಡೆಯ ದಿನ, ಎರಡೂ ಊರಿನ ನಡುವೆ ಇರುವ ಸಾರ್ವಜನಿಕ ಗ್ರಂಥಾಲಯದ ಮೇಲ್ಮಹಡಿಯ ಕೋಣೆಯೊಂದರಲ್ಲಿ ಅವರಿಬ್ಬರೂ ಎದುರು ಬದುರು ಕೂರುವುದು ಮಾತ್ರ ಉಳಿದಿತ್ತು. ಅದೊಂದೇ ಉಳಿದಿತ್ತು. ಈಗ ಅದಕ್ಕೂ ತಿದ್ದುಪಡಿ ಬಂದಿದೆ.

ಆ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಬದಲಾವಣೆಯನ್ನು ಓದಲು ಕೂತಳು. ಇದು ಕೀಲಿಯ ವಿಷಯವಾದ್ದರಿಂದ ಇನ್ನೊಂದು ಕೀಲಿ ಇರುವವಳ ಒಪ್ಪಿಗೆಯೇ ಬೇಕು. ಬೇರೆ ಯಾರು ಒತ್ತಿದರೂ ಲೆಕ್ಕಕ್ಕಿಲ್ಲ. ಅವಳಿಗೆ ಧೈರ್ಯವಿತ್ತು. ಬರೆದವನು ಅವನು ತಾನೇ, ತಪ್ಪು ಇದ್ದೇ ಇರುತ್ತದೆ. ಒಂದು ತಪ್ಪು ಸಿಕ್ಕರೆ ಸಾಕು, ಇದನ್ನು ಸರಿಪಡಿಸಿ ಎಂದು ವಾಪಸು ಕಳಿಸಬಹುದು. ಅವನು ಸರಿಪಡಿಸುವಷ್ಟರಲ್ಲಿ ಮತ್ತೊಂದು ಕೇಳಬಹುದು. ಹೀಗೆ ವರ್ಷಗಟ್ಟಲೆ ಎಳೆಯುವ ಕಲೆ ಅವಳಿಗೇನು ಹೊಸತೇ?

ಮೇಲಿಂದ ಕೆಳಗೆ ಓದಿದಳು. ತಪ್ಪು ಸಿಗಲಿಲ್ಲ. ಮತ್ತೆ ಓದಿದಳು. ಕೀಲಿ ಕಳೆದುಹೋದರೆ ಏನು ಮಾಡಬೇಕು ಎಂಬುದನ್ನು ಬರೆದಿದ್ದ. ಮೇಷ್ಟ್ರಿಗೆ ಕಾಯಿಲೆಯಾದರೆ ಏನು ಎಂಬುದನ್ನೂ ಬರೆದಿದ್ದ. ಗಟ್ಟಿಯಾಗಿ ಓದುವ ಬದಲು ಪಟ್ಟಿಯನ್ನು ಯಂತ್ರವೇ ತಾಳೆ ನೋಡುವ ಹಾಗೆ ಹೊಸ ಕೋಡ್ ಬರೆದು, ಅದು ಸರಿಯಾಗಿ ಕೆಲಸ ಮಾಡುತ್ತದೆ ಎಂದು ತೋರಿಸುವ ಪರೀಕ್ಷೆಗಳನ್ನೂ ಬರೆದಿದ್ದ. ಜನ್ಮದಲ್ಲಿ ಅಂಥದ್ದೊಂದು ಪರೀಕ್ಷೆ ಬರೆದವನಲ್ಲ! ವಿವರಣೆಯಂತೂ ಎರಡು ಪುಟ. ಅವಳು ಕೇಳಬಹುದಾದ ಒಂದೊಂದು ಪ್ರಶ್ನೆಗೂ ಅವಳು ಕೇಳುವ ಮೊದಲೇ ಉತ್ತರ ಇತ್ತು. ಅಲ್ಪವಿರಾಮ ಕೂಡ ಇರಬೇಕಾದ ಕಡೆಯೇ ಇತ್ತು.

ತನ್ನಿಂದ ಒಂದೇ ಒಂದು ಪ್ರಶ್ನೆಯೂ ಬರಬಾರದು ಎಂದು ಇಷ್ಟೆಲ್ಲ ಕಷ್ಟಪಟ್ಟಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಡಬ್ಬಿಯ ಮುಚ್ಚಳ ಹಾಕಿ ಕೈ ತೊಳೆದುಕೊಂಡು ಬಂದಳು.

ಆಕ್ಷೇಪಕ್ಕೆ ಕಾರಣ ಅವಳ ಹತ್ತಿರ ಇರಲಿಲ್ಲ ಎಂದಲ್ಲ. ಆ ಕೋಣೆಯಲ್ಲಿ ಅವನು ಓದುವುದನ್ನು ಕೇಳಬೇಕು, ಅದು ತಪ್ಪಿಹೋದರೆ ತನಗೆ ಇನ್ನೇನೂ ಇಲ್ಲ, ಇದೇ ಕಾರಣ. ಈ ಕಾರಣವನ್ನು ಪುಟದಲ್ಲಿ ಬರೆಯುವುದುಂಟೇ?

ಬರೆಯಲಿಲ್ಲ. ಒಪ್ಪಿಗೆಯನ್ನೂ ಒತ್ತಲಿಲ್ಲ. ಬಿಡುಗಡೆಗೆ ಸ್ವಲ್ಪ ದಿನ ಮುಂಚೆ ಬಾಗಿಲು ಮುಚ್ಚುವ ದಿನ ಎಂದು ಒಂದು ಬರುತ್ತದೆ. ಆಮೇಲೆ ತೀರಾ ಕೆಟ್ಟದ್ದನ್ನು ರಿಪೇರಿ ಮಾಡುವುದು ಬಿಟ್ಟರೆ ಹೊಸದೇನನ್ನೂ ಒಳಗೆ ಬಿಡುವುದಿಲ್ಲ. ಅದರೊಳಗೆ ಒಪ್ಪಿಗೆ ಸಿಗದಿದ್ದರೆ ಈ ಬಿಡುಗಡೆ ಹಳೆಯ ನಿಯಮದಂತೆಯೇ ಆಗಬೇಕು. ಅಂದರೆ ಇನ್ನೊಂದು ಸಲ ಆ ಕೋಣೆ. ಅಷ್ಟಕ್ಕೆ ಅವಳು ಆಸೆಪಟ್ಟಳು.

ಬಾಗಿಲು ಮುಚ್ಚುವ ದಿನ ಹತ್ತಿರ ಬಂದ ಹಾಗೆ ಮೇಷ್ಟ್ರು ಪುಟದಲ್ಲಿ ಕೇಳಿದರು. ಮೇಷ್ಟ್ರನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಯಾವುದೋ ಊರಿನ ನಿವೃತ್ತ ಶಿಕ್ಷಕರು. ಎಲ್ಲರ ಬರವಣಿಗೆ ತಿದ್ದುವುದರಿಂದ ಆ ಹೆಸರು ಬಂದಿತ್ತು. ‘ಈ ಬದಲಾವಣೆಗೆ ತಮ್ಮದೇನಾದರೂ ಆಕ್ಷೇಪವಿದೆಯೇ? ಅಥವಾ ಕಣ್ತಪ್ಪಿನಿಂದ ಉಳಿದಿದೆಯೇ?’ ಎಂದು ನಯವಾಗಿ ಬರೆದಿದ್ದರು. ‘ನೋಡುತ್ತಿದ್ದೇನೆ’ ಎಂದು ಅವಳು ಬರೆದಳು. ಅದು ಸುಳ್ಳೇನಲ್ಲ, ದಿನಾ ನೋಡುತ್ತಿದ್ದಳು. ಬಾಗಿಲು ಮುಚ್ಚುವ ದಿನ ಬಂತು, ಹೋಯಿತು.

ಬಿಡುಗಡೆಯ ದಿನ ಹೊರಡುವಾಗ ಅಮ್ಮ ಚೀಲಕ್ಕೆ ಊಟದ ಡಬ್ಬಿ ತುರುಕಿದಳು. ಎತ್ತಿ ನೋಡಿದರೆ ಭಾರ.

“ಇಷ್ಟೊಂದು ಯಾಕಮ್ಮ?”

“ಅವನೂ ತಿನ್ಲಿ ಬಿಡು. ಬಿಟ್ಟು ಹೋದ ಅಂತ ಹೊಟ್ಟೇನೂ ಬಿಟ್ಟು ಹೋಗಿದಾನಾ?”

ಅಮ್ಮನ ಬಾಯಿ ಹಾಗೆ. ಅಳಿಯನನ್ನು ಬೈಯದ ದಿನವಿಲ್ಲ, ಅವನ ಪಾಲಿನದನ್ನು ಕಟ್ಟಿಕೊಡದ ಬಿಡುಗಡೆಯೂ ಇಲ್ಲ.

ಅವನು ಅವಳಿಗಿಂತ ಮೊದಲೇ ಬಂದು ಕೋಣೆಯಲ್ಲಿ ಕೂತಿದ್ದ. ಕೋಣೆ ಎಂದರೆ ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಯಲ್ಲಿ ಸದ್ದು ಮಾಡಬೇಡಿ ಎಂಬ ಬೋರ್ಡು. ಅವನ ತಲೆಗೂದಲು ಇನ್ನಷ್ಟು ನರೆತಿತ್ತು. “ಬಸ್ಸು ಹೊತ್ತಿಗೆ ಸರಿಯಾಗಿ ಬಂತಾ?” ಎಂದ. ಅವಳು ಹೂಂ ಅಂದಳು. ಲ್ಯಾಪ್‌ಟಾಪ್‌ಗಳನ್ನು ತೆಗೆದರು. ಈ ಸಲ ಓದುವ ಸರದಿ ಅವನದು.

ಅವನು ಓದಿದ. ಎರಡು ಭಾಷೆಯಲ್ಲಿ ಹೆಸರಿರುವ ನಿಲ್ದಾಣಗಳು ಫಲಕದ ಆಚೆಗೆ ಹೋಗುತ್ತಿದ್ದದ್ದನ್ನು ಸರಿಪಡಿಸಲಾಗಿದೆ. ಹೂಂ. ಮಧ್ಯರಾತ್ರಿ ದಾಟಿ ಓಡುವ ಬಸ್ಸುಗಳು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತಿದ್ದದ್ದನ್ನು ಸರಿಪಡಿಸಲಾಗಿದೆ. ಹೂಂ. ರದ್ದಾದ ಬಸ್ಸು ಫಲಕದಿಂದ ಸುಮ್ಮನೆ ಮಾಯವಾಗುವ ಬದಲು ರದ್ದಾಗಿದೆ ಎಂದು ತೋರಿಸಲಾಗುವುದು. ಹೂಂ. ಅವನ ದನಿ ಸ್ವಲ್ಪ ಕಟ್ಟಿತ್ತು, ನೆಗಡಿ ಇರಬೇಕು. ನೆಗಡಿಯಾ ಎಂದು ಕೇಳಬೇಕೆಂದುಕೊಂಡಳು. ಪಟ್ಟಿಯ ನಡುವೆ ಬೇರೆ ಮಾತು ಆಡುವ ಪದ್ಧತಿ ಇರಲಿಲ್ಲ, ಪಟ್ಟಿ ಮುಗಿದ ಮೇಲೆ ಕೇಳಿದರಾಯಿತು ಎಂದು ಬಿಟ್ಟಳು.

ಪಟ್ಟಿ ಮುಗಿಯಿತು. ಇಬ್ಬರೂ ಸಹಿ ಹಾಕಿದರು. ಇನ್ನು ಹೊಸ ಆವೃತ್ತಿ ಎಲ್ಲ ಕಡೆಗೂ ತಲುಪುವ ತನಕ ಕಾಯಬೇಕು. ಡಬ್ಬಿ ಬಿಚ್ಚಿದರು. ಅವನು ತಿಂದ, ಚೆನ್ನಾಗಿದೆ ಎಂದ, ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳಿದ. ಹಾಗೇ ಇದೆ ಎಂದಳು. ಆಮೇಲೆ ಅವನು ಬೆರಳು ಒರೆಸಿಕೊಂಡು, ಎತ್ತಲೋ ನೋಡುತ್ತ ಕೇಳಿದ.

“ಆ ನಿಯಮದ್ದು ಉಳೀತಲ್ಲ. ಏನಾದ್ರೂ ತಪ್ಪಿತ್ತಾ?”

“ಇಲ್ಲ.”

“ಮೇಷ್ಟ್ರಿಗೆ ಎರಡೆರಡು ಸಲ ತೋರ್ಸಿ ಕಳ್ಸಿದ್ದೆ. ನೀವು ಮತ್ತೆ ಮತ್ತೆ ಕೇಳೋ ಹಾಗಾಗ್ಬಾರ್ದು ಅಂತ.”

ಪುಟದಲ್ಲಿದ್ದ ‘ನೀವು’ ಕೋಣೆಯೊಳಗೂ ಬಂದಿತ್ತು. ಹೋದ ಸಲವೇ ಬಂದಿತ್ತು ಅದು.

“ಗೊತ್ತಾಯ್ತು” ಎಂದಳು.

“ಹೋದ ಸಲ ಬಂದಾಗ ನೀವು ಒಂದು ಮಾತೂ ಆಡ್ಲಿಲ್ಲ. ಅದರ ಹಿಂದಿನ ಸಲಾನೂ ಅಷ್ಟೆ. ಅಷ್ಟು ದೂರದಿಂದ ಬರ್ತೀರ, ಹೂಂ ಅಂತೀರ, ಹೋಗ್ತೀರ. ನನ್ನ ಮುಖ ನೋಡೋದೇ ಹಿಂಸೆ ಆಗ್ತಿದೆಯೇನೋ, ನಿಯಮ ಇದೆ ಅಂತ ಬರ್ತಿದ್ದೀರೇನೋ ಅನ್ನಿಸ್ತು. ಅದಕ್ಕೇ ಬರ್ದಿದ್ದು. ಹಾಗಲ್ಲ ಅಂದ್ರೆ ಹೇಳಿ. ವಾಪಸ್ ತಗೊಳ್ತೀನಿ.”

ನೋಡಿ, ಬಾಯಿ ಬಿಡಬೇಕಾದ ಹೊತ್ತು ಎಂದರೆ ಇದು. ಹಾಗಲ್ಲ. ಒಂದೇ ಮಾತು. ಅವಳು ಅದನ್ನು ಹೇಳಬೇಕೆಂದೇ ಬಾಯಿ ತೆರೆದಳು. ದುಃಖ ಒತ್ತರಿಸಿ ಬಂದಿದ್ದರೆ ಅದರ ಜೊತೆಗಾದರೂ ಮಾತು ಬರುತ್ತಿತ್ತೇನೋ. ಒಳಗೆ ಎಲ್ಲಿ ತಡಕಿದರೂ ಏನೂ ಸಿಗಲಿಲ್ಲ. ಅವನು ಕಾಯುತ್ತಿದ್ದ. ಯಾರಾದರೂ ಉತ್ತರಕ್ಕೆ ಕಾಯುತ್ತಿದ್ದರೆ ಏನು ಮಾಡಬೇಕು ಎಂದು ಅವಳ ಕೈಗೆ ಮಾತ್ರ ಗೊತ್ತಿತ್ತು. ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡು ಪುಟ ತೆರೆದಳು. ಬಿಡುಗಡೆ ಆಗಿದ್ದರಿಂದ ಬಾಗಿಲು ಮತ್ತೆ ತೆರೆದಿತ್ತು. ‘ಪರಿಶೀಲಿಸಿದೆ. ಸರಿಯಾಗಿದೆ’ ಎಂದು ಬರೆದು ಒಪ್ಪಿಗೆಯ ಗುಂಡಿ ಒತ್ತಿದಳು.

ಎದುರಿಗಿದ್ದ ಅವನ ಪರದೆಯಲ್ಲಿ ಅದು ಬಂತು. ಅವನು ಓದಿದ. ಎರಡು ಪದ ಓದಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದ.

“ಥ್ಯಾಂಕ್ಸ್” ಎಂದ.

ಆಮೇಲೆ ಡಬ್ಬಿ ತೊಳೆದುಕೊಂಡು ಬಂದು ಕೊಟ್ಟ. ಮೆಟ್ಟಿಲಿಳಿಯುವಾಗ ಅವಳಿಗೆ ನೆಗಡಿಯ ವಿಷಯ ಕೇಳಲಿಲ್ಲವಲ್ಲ ಎಂದು ನೆನಪಾಯಿತು. ಅಷ್ಟರಲ್ಲಿ ಅವನು ರಸ್ತೆ ದಾಟಿ ಆಚೆ ಕಡೆಯ ನಿಲ್ದಾಣಕ್ಕೆ ಹೋಗಿಯಾಗಿತ್ತು.

ಆರು ತಿಂಗಳು ಕಳೆಯಿತು. ಮೇಷ್ಟ್ರಿಗೆ ಕೀಲಿ ಹೋಯಿತು. ಅವರು ಬಹಳ ಗೌರವದಿಂದ ಸ್ವೀಕರಿಸಿ ಪುಟದಲ್ಲಿ ಒಂದು ಪ್ಯಾರಾ ಬರೆದರು. ಹೊಸ ಬದಲಾವಣೆಗಳು ಬಂದವು, ಓದಿದಳು, ತಪ್ಪು ಹಿಡಿದಳು, ಒಪ್ಪಿದಳು. ಅವನಿಂದ ಬರುವುದು ಕಡಿಮೆಯಾಯಿತು. ಪಾಲಿಟೆಕ್ನಿಕ್‌ನಲ್ಲಿ ಕೆಲಸ ಜಾಸ್ತಿಯಾಗಿದೆ, ಈ ಸಲದ ಸಹಿಗೆ ತಾನು ಸಿಗುವುದಿಲ್ಲ, ಉಳಿದಿಬ್ಬರು ಮಾಡಿಕೊಳ್ಳಬೇಕಾಗಿ ವಿನಂತಿ ಎಂದು ಬರೆದಿದ್ದ. ಇದರಲ್ಲೂ ತಪ್ಪೇನಿರಲಿಲ್ಲ, ನಿಯಮದಲ್ಲಿ ಅವಕಾಶವಿತ್ತು.

ಬಿಡುಗಡೆಯ ದಿನ ಬೆಳಿಗ್ಗೆ ಅವಳು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಅಮ್ಮ ಒಲೆಯ ಮುಂದೆ ಇದ್ದಳು. ಮೇಷ್ಟ್ರು ತಮ್ಮ ಊರಿನಲ್ಲಿ ಸಹಿ ಹಾಕಿ ಆಗಿತ್ತು. ಪಟ್ಟಿಯನ್ನು ಯಂತ್ರ ತಾಳೆ ನೋಡಿ ಎಲ್ಲ ಸರಿಯಿದೆ ಎಂದಿತು. ಅವಳು ತನ್ನ ಸಹಿ ಹಾಕಿದಳು. ಬಿಡುಗಡೆ ಆಯಿತು. ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು.

ಅಮ್ಮ ಡಬ್ಬಿಯ ಮುಚ್ಚಳ ಒತ್ತುತ್ತ ತಿರುಗಿ ನೋಡಿದಳು.

“ಏನೇ, ಇನ್ನೂ ಕೂತೇ ಇದೀಯ? ಬಸ್ಸಿಗೆ ಹೊತ್ತಾಗ್ಲಿಲ್ವಾ?”

“ಮುಗೀತಮ್ಮ.”

“ಏನು ಮುಗೀತು? ಹೋಗೋದೇ ಇಲ್ವಾ?”

“ಹೋಗ್ಬೇಕಾಗಿಲ್ಲ. ಇಲ್ಲಿಂದಾನೇ ಮಾಡ್ಬಹುದು ಈಗ. ನಿಯಮ ಬದಲಾಯ್ತು.”

“ಯಾರೇ ಬದ್ಲಾಯ್ಸಿದ್ದು?”

“ಅವನು ಬರ್ದ. ನಾನು ಒಪ್ದೆ.”

ಅಮ್ಮ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಅದರಲ್ಲಿ ಇಬ್ಬರಿಗಾಗುವಷ್ಟು ಊಟವಿತ್ತು. ಬೈಯುತ್ತಾಳೆ ಎಂದುಕೊಂಡಳು ಇವಳು. ಅಮ್ಮ ಬೈಯಲಿಲ್ಲ.

“ನಿಂಗೆ ಹೋಗ್ಬೇಕು ಅಂತಿತ್ತಾ?”

“ಇತ್ತು.”

ಎಷ್ಟು ಸಲೀಸಾಗಿ ಬಂತು ಮಾತು. ಇಷ್ಟೇನಾ ಹೇಳಬೇಕಾಗಿದ್ದದ್ದು ಎಂದು ಅವಳಿಗೇ ಆಶ್ಚರ್ಯವಾಯಿತು.

“ಅವನಿಗೆ ಹೇಳಿದ್ಯಾ?”

“ಇಲ್ಲ.”

“ಅವನು ಕೇಳ್ಲಿಲ್ವಾ?”

“ಕೇಳ್ದ ಅಮ್ಮ” ಎಂದಳು. “ಬಾಯಿಬಿಟ್ಟು ಕೇಳ್ದ. ವಾಪಸ್ ತಗೊಳ್ತೀನಿ ಅಂದ. ನಾನು ಗುಂಡಿ ಒತ್ತಿದೆ.”

ಅಷ್ಟು ಹೇಳಿದ್ದೇ ತಡ, ಎರಡೂವರೆ ವರ್ಷದಿಂದ ಎಲ್ಲಿತ್ತೋ ಆ ಅಳು, ಬಂತು. ಲ್ಯಾಪ್‌ಟಾಪಿನ ಮೇಲೇ ತಲೆಯಿಟ್ಟು, ಅಮ್ಮ ಇದ್ದಾಳೆ ಎನ್ನುವುದನ್ನೂ ಮರೆತು ಅತ್ತಳು. ಅವನು ಬೇಕಿತ್ತು, ಈಗಲೂ ಬೇಕು ಎಂದು ಅಳುವಿನ ನಡುವೆ ಹೇಳಿದಳು. ಅಮ್ಮ ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಮಗಳ ಬೆನ್ನ ಮೇಲೆ ಕೈಯಿಟ್ಟಳು.